ಗುಂಡಿಯಕ್ಕನ ಗುಣಮಟ್ಟ

ಆಸ್ಪತ್ರೆಯಿಂದ ಬಂದ ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮವರೊಬ್ಬರು ನಿಮ್ಮ ಅಂಗಡಿಗೆ ಬರುತ್ತಾರೆ. ನಿಮ್ಮ ಜೀವನದ ಗುಣಮಟ್ಟದ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳುತ್ತಾರೆ. ಯಂತ್ರ ನಿಮ್ಮಲ್ಲೇ ಉಳಿಯಬೇಕೋ ಬೇಡವೋ ಎಂಬುದು ಆಮೇಲೆ ತೀರ್ಮಾನವಾಗುತ್ತದೆ.

ಗುಂಡಿ, ದಾರ, ಜಿಪ್ಪು ಮಾರುವ ಆಕೆಯನ್ನು ಬೀದಿಯೆಲ್ಲ ಗುಂಡಿಯಕ್ಕ ಎಂದೇ ಕರೆಯುತ್ತಿತ್ತು. ಮೂರು ವರ್ಷದಿಂದ ಅವಳ ದೃಷ್ಟಿಯ ನಟ್ಟನಡುವೆ ಯಾರೋ ಹೆಬ್ಬೆರಳಿಂದ ಒರೆಸಿದಂಥ ಮಸುಕು. ಎದುರಿಗೆ ನಿಂತವರ ಎರಡು ಕಿವಿ ಕಾಣುತ್ತಿದ್ದವು, ನಡುವಿನ ಮೂಗು ಕಾಣುತ್ತಿರಲಿಲ್ಲ. ಕಪ್ಪು ಕೋಟಿಗೆ ಕಂದು ಗುಂಡಿ ಕೊಟ್ಟು ನಾಲ್ಕಾರು ಗಿರಾಕಿಗಳನ್ನು ಕಳೆದುಕೊಂಡ ಮೇಲೆ ಕಣ್ಣಾಸ್ಪತ್ರೆಯವರು ಮೂರು ತಿಂಗಳ ಮಟ್ಟಿಗೆ ಒಂದು ಯಂತ್ರ ಕೊಟ್ಟಿದ್ದರು. ಕಂಪಾಸ್ ಪೆಟ್ಟಿಗೆಯಷ್ಟು ಗಾತ್ರ, ಕೆಳಗೆ ಕ್ಯಾಮೆರಾ, ಮೇಲೆ ಪರದೆ. ಅದರಡಿ ಇಟ್ಟರೆ ಎಷ್ಟು ಸಣ್ಣ ಗುಂಡಿಯೂ ಪರದೆ ತುಂಬ ಹರಡಿಕೊಳ್ಳುತ್ತಿತ್ತು, ಕುರ್ಚಿ ಸಿಕ್ಕ ಅಧಿಕಾರಿಯ ಹಾಗೆ.

ಅಂಗಡಿಯ ಲಾಭ ಒಂದಾದರೆ ವಾರಪತ್ರಿಕೆಯ ಧಾರಾವಾಹಿಯ ಲಾಭ ಇನ್ನೊಂದು. ಮೊದಲೆಲ್ಲ ಅದನ್ನು ಅವಳ ಅಕ್ಕನ ಗಂಡ, ನಿವೃತ್ತ ಹೆಡ್‌ಮಾಸ್ಟರು, ಓದಿ ಹೇಳುತ್ತಿದ್ದರು. ಪ್ರೇಮದ ಪ್ಯಾರಾ ಬಂದರೆ ಕೆಮ್ಮಿ ಮುಂದಿನ ಪುಟಕ್ಕೆ ಹಾರುತ್ತಿದ್ದರು. ಯಂತ್ರ ಹಾರುತ್ತಿರಲಿಲ್ಲ. ಈ ಮೂರು ತಿಂಗಳಲ್ಲಿ ಗುಂಡಿಯಕ್ಕನಿಗೆ ಕತೆ ಮೊದಲ ಬಾರಿಗೆ ಪೂರ್ತಿ ಅರ್ಥವಾಗಿತ್ತು. ಯಂತ್ರ ಬಿಟ್ಟುಕೊಡುವ ಮಾತೇ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಭಾವ ಒಂಬತ್ತಕ್ಕೇ ಅಂಗಡಿಯಲ್ಲಿ ಹಾಜರಾಗಿ, ಪರೀಕ್ಷೆ ಎಂದ ಮೇಲೆ ತಯಾರಿ ಬೇಕು ಎಂದು ಪಟ್ಟು ಹಿಡಿದರು. ಅವರ ಪ್ರಕಾರ ಎಲ್ಲ ಪ್ರಶ್ನೆಗೂ ಚೆನ್ನಾಗಿದೆ, ಚೆನ್ನಾಗಿ ಕಾಣುತ್ತದೆ ಎಂದೇ ಹೇಳಬೇಕು. ಉಪಯೋಗವಿಲ್ಲದ ಯಂತ್ರವನ್ನು ಯಾರು ಬಿಟ್ಟುಹೋಗುತ್ತಾರೆ? ಪಕ್ಕದ ಅಂಗಡಿಯ ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದು, ಅದು ಶುದ್ಧ ದಡ್ಡತನ ಎಂದ. ಚೆನ್ನಾಗಿರುವವಳಿಗೆ ಯಂತ್ರ ಯಾಕೆ? ಗೋಳು ಹೇಳಿಕೊಂಡರೆ ಮಾತ್ರ ಉಳಿಯುವುದು. ಹೆಡ್‌ಮಾಸ್ಟರಿಗೆ ದಡ್ಡ ಎಂದದ್ದು ಸಹಿಸಲಾಗಲಿಲ್ಲ. ದರ್ಜಿಯನ್ನು ಅವನ ಹೊಲಿಗೆಯಂತ್ರಕ್ಕೆ ವಾಪಸು ಅಟ್ಟಿದರು.

ಹತ್ತೂಮುಕ್ಕಾಲಿಗೆ ಕೈಚೀಲದವನೊಬ್ಬ ಒಳಗೆ ಬಂದು, ಅಮ್ಮನವರ ಕಣ್ಣಿನ ಬಗ್ಗೆ ಪರಿಶೀಲನೆಗೆ ಬಂದಿದ್ದೇನೆ ಎಂದ. ಯಾವ ಕಚೇರಿಯಿಂದ ಎಂದು ಹೇಳುವಷ್ಟರಲ್ಲಿ ಭಾವ ಕುರ್ಚಿ ಎಳೆದು ಕೂರಿಸಿ ಪಾಠ ಒಪ್ಪಿಸಲು ಶುರುಮಾಡಿದ್ದರು. ಇವಳಿಗೆ ಕಾಣದ್ದೇ ಇಲ್ಲ. ರಸ್ತೆ ದಾಟುತ್ತಾಳೆ, ದೂರದಿಂದಲೇ ಬಸ್ಸಿನ ನಂಬರು ಓದುತ್ತಾಳೆ, ಇರುವೆಯ ಗಂಡುಹೆಣ್ಣು ಗುರುತು ಹಿಡಿಯುತ್ತಾಳೆ.

ಗುಂಡಿಯಕ್ಕನಿಗೂ ಹುರುಪು ಬಂತು. ಆ ಮನುಷ್ಯನ ಅಂಗಿ ಹಿಡಿದು ಕೌಂಟರಿನ ಮೇಲಕ್ಕೆ ಎಳೆದು ಅವನ ಎದೆಯ ಮೇಲೆ ಯಂತ್ರ ಇಟ್ಟಳು.

“ಮೂರನೇ ಗುಂಡಿ ಬೇರೆ ಸೆಟ್ಟಿಂದು” ಎಂದಳು. “ನಿಮ್ಮ ಮನೇವ್ರು ಕೋಪದಲ್ಲಿ ಹೊಲಿದಿದ್ದಾರೆ.”

ಕೌಂಟರಿನ ಮೇಲಕ್ಕೆ ಬಾಗಿಕೊಂಡೇ ಆತ, “ಹಾಗಾದ್ರೆ ಕಣ್ಣಿನ ತೊಂದ್ರೆ ಅಂತ ಏನೂ ಇಲ್ಲ?” ಎಂದು ಕೇಳಿದ.

“ಏನೂ ಇಲ್ಲ, ಬರ್ಕೊಳ್ಳಿ” ಎಂದರು ಭಾವ.

ಆತ ಬರೆದುಕೊಂಡ. ಒಂದು ಚೀಟಿ ಹರಿದುಕೊಟ್ಟು, ಅಂಗಿ ಸರಿಮಾಡಿಕೊಂಡು ಹೊರಟುಹೋದ. ಭಾವ ಬೆನ್ನು ತಟ್ಟಿಕೊಳ್ಳುತ್ತಿರುವಾಗ ಗುಂಡಿಯಕ್ಕ ಚೀಟಿಯನ್ನು ಯಂತ್ರದಡಿ ಸರಿಸಿದಳು. ಮೊದಲು ಬಾಗಿಲಷ್ಟು ದೊಡ್ಡ ‘ಬ’ ಬಂತು. ಆಮೇಲೆ ‘ಸ್’. ‘ಪಾಸ್’ ಬರುವ ಹೊತ್ತಿಗೆ ಅವಳ ಕೈ ನಿಧಾನವಾಯಿತು. ಕೊನೆಗೆ ಪರದೆಯ ತುಂಬ ಕೂತದ್ದು ‘ರದ್ದು’.

ಬಂದವನು ಸಾರಿಗೆ ಕಚೇರಿಯವನು. ದೃಷ್ಟಿದೋಷದವರ ಉಚಿತ ಪಾಸಿಗೆ ಎರಡು ತಿಂಗಳ ಹಿಂದೆ ಅವಳೇ ನವೀಕರಣದ ಅರ್ಜಿ ಹಾಕಿದ್ದಳು. ದಿನಕ್ಕೆ ನಾಲ್ಕು ಬಸ್ಸು ಹತ್ತಿಳಿಯುವವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಭಾವ ಕನ್ನಡಕ ಒರೆಸುತ್ತ, ಉತ್ತರ ಸರಿಯಾಗಿಯೇ ಇತ್ತು, ಪ್ರಶ್ನೆಪತ್ರಿಕೆ ಬದಲಾಗಿದೆ ಎಂದರು.

ಸುದ್ದಿ ಗೋಡೆ ದಾಟಿತು. ದರ್ಜಿ ಗೆದ್ದವನ ಠೀವಿಯಲ್ಲಿ ಬಂದು, “ಈಗಾದ್ರೂ ನನ್ನ ಮಾತು ಕೇಳಕ್ಕ” ಎಂದ. ಅವನು ಜಿಪ್ಪಿನ ಕಟ್ಟುಗಳ ಹಿಂದೆ ನಿಲ್ಲುವುದೆಂದೂ, ಕೆಮ್ಮಿದಾಗೆಲ್ಲ ಅವಳು ಇಲ್ಲ ಎನ್ನಬೇಕೆಂದೂ ಏರ್ಪಾಟಾಯಿತು.

ಹನ್ನೊಂದಕ್ಕೆ ಸರಿಯಾಗಿ ಬಂದವಳು ನಿಜಕ್ಕೂ ಆಸ್ಪತ್ರೆಯವಳು. ಮೆತ್ತನೆಯ ದನಿ, ದಪ್ಪನೆಯ ಫಾರ್ಮು. ಯಂತ್ರದಿಂದ ವ್ಯಾಪಾರ ಸುಲಭವಾಯಿತೇ? ಕೆಮ್ಮು. ಇಲ್ಲ. ಬಣ್ಣ ಗುರುತಿಸಲು ಆಗುತ್ತಿದೆಯೇ? ಕೆಮ್ಮು. ಇಲ್ಲ. ಏಳನೇ ಪ್ರಶ್ನೆಯ ಹೊತ್ತಿಗೆ ಆಕೆ, ಒಳಗಿರುವವರನ್ನು ಎದೆಯ ಡಾಕ್ಟರಿಗೆ ತೋರಿಸಿ ಎಂದು ಸಲಹೆ ಕೊಟ್ಟಳು. ಹದಿನಾಲ್ಕನೆಯದು, ಸಂತೋಷಕ್ಕಾಗಿ ಏನಾದರೂ ಓದುತ್ತೀರಾ ಎಂಬುದು. ಗುಂಡಿಯಕ್ಕನ ಬಾಯಿ ತೆರೆಯಿತು. ಧಾರಾವಾಹಿಯ ನಾಯಕ ನಾಲಿಗೆಯ ತುದಿಗೇ ಬಂದಿದ್ದ. ದರ್ಜಿ ಕರುಳು ಕಿತ್ತುಬರುವಂತೆ ಕೆಮ್ಮಿದ. ಅವಳು ನಾಯಕನನ್ನು ನುಂಗಿಕೊಂಡು ಇಲ್ಲ ಎಂದಳು.

ಆಕೆ ಅಂಕ ಕೂಡಿಸಿ ನಿಟ್ಟುಸಿರುಬಿಟ್ಟಳು.

“ಬೇಜಾರು ಮಾಡ್ಕೋಬೇಡಿ ಅಮ್ಮ. ಇದರಿಂದ ನಿಮಗೆ ಒಂಚೂರೂ ಉಪಯೋಗ ಆಗಿಲ್ಲ. ಪ್ರಯೋಜನ ಆಗೋರು ಬಹಳ ಜನ ಕಾಯ್ತಿದ್ದಾರೆ, ಅವರಿಗೆ ಕೊಡ್ತೀವಿ.”

ಜಿಪ್ಪುಗಳ ಹಿಂದಿನ ಕೆಮ್ಮು ನಿಂತುಹೋಯಿತು. ಗುಂಡಿಯಕ್ಕ ತಾನು ಹೇಳಿದ್ದೆಲ್ಲ ಸುಳ್ಳು ಎಂದು ತಡವರಿಸಿದಳು. ಯಂತ್ರ ಹಿಂದಕ್ಕೆ ಕೊಡುವಾಗ ಎಲ್ಲರೂ ಹಾಗೇ ಅನ್ನುತ್ತಾರೆ ಎಂದು ಆಕೆ ಸಮಾಧಾನ ಮಾಡಿ, ಯಂತ್ರವನ್ನು ಚೀಲಕ್ಕೆ ಸೇರಿಸಿ, ಫಾರ್ಮಿನ ಕೊನೆಯ ಪುಟ ಮುಂದಿಟ್ಟಳು. ಯಂತ್ರ ತನಗೆ ನಿಷ್ಪ್ರಯೋಜಕವಾದ್ದರಿಂದ ಹಿಂತಿರುಗಿಸಿದ್ದಾಗಿ ಕೆಳಗೆ ಸಹಿ ಬೇಕಿತ್ತು.

ಗುಂಡಿಯಕ್ಕ ಪೆನ್ನು ಹಿಡಿದು ಹಾಳೆಯ ಮೇಲೆಲ್ಲ ತಡಕಿದಳು. ಗೆರೆ ಸಿಗಲಿಲ್ಲ.

“ಒಂದು ನಿಮಿಷ ಅದನ್ನ ಕೊಡ್ತೀರಾ?”

ಆಕೆ ಚೀಲದಿಂದ ಯಂತ್ರ ತೆಗೆದುಕೊಟ್ಟಳು. ಗುಂಡಿಯಕ್ಕ ಅದನ್ನು ಹಾಳೆಯ ಮೇಲೆ ಸರಿಸಿ, ಗೆರೆ ಹುಡುಕಿ, ಒಂದಕ್ಷರವೂ ಆಚೀಚೆ ಹೋಗದಂತೆ ಮುದ್ದಾಗಿ ಸಹಿ ಹಾಕಿದಳು. ಮೇಲೆ ತಾರೀಖು ತಪ್ಪಿತ್ತು, ಅದನ್ನೂ ತಿದ್ದಿದಳು.

ಆಸ್ಪತ್ರೆಯವಳು ಎಲ್ಲವನ್ನೂ ನೋಡುತ್ತಲೇ ಇದ್ದಳು. ಫಾರ್ಮನ್ನು ಹಿಂದೆ ಮುಂದೆ ತಿರುವಿದಳು. ಇಂಥದ್ದನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಯಂತ್ರವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟಳು.