ಕಾಂತರಾಜನ ಕಂಚಿನ ಕಂಠ

ಕಾಂತರಾಜ್: ಬೇಸ್ ಏರಿಸು ಅಂದ್ರೆ ಏರಿಸೋ. ನಿನ್ನ ಕಂಪ್ಯೂಟರೇನು ಸವೆದು ಹೋಗಲ್ಲ.

ಕದಿರೇಶ್: ಆಗಲೇ ಸಾಕಷ್ಟು ಏರಿಸಿದೀನಿ ಅಣ್ಣಾ. ಇನ್ನೂ ಏರಿಸಿದ್ರೆ ಮಾತು ಹೋಗಿ ಬರೀ ಗುಡುಗು ಉಳಿಯುತ್ತೆ.

ಕಾಂತರಾಜ್: ಗುಡುಗೇ ಬೇಕಾಗಿರೋದು.

ನಂಗಲಿಯ ಹೆದ್ದಾರಿ ಪಕ್ಕದಲ್ಲಿ ಕದಿರೇಶನ ರೆಕಾರ್ಡಿಂಗ್ ಅಂಗಡಿ. ಅಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಕಾಂತರಾಜ್ ಆಳು ಆರಡಿ, ಮೀಸೆ ಹುರಿಗೊಳಿಸಿದ್ದು. ದನಿ ಮಾತ್ರ ಒಡೆದ ಪೀಪಿಯದು. ಕಳೆದ ಸಲ ಹಾಲಿನ ಸೊಸೈಟಿ ಚುನಾವಣೆಗೆ ನಿಂತು ಮೈಕ್ ಮುಂದೆ "ಬಂಧುಗಳೇ" ಅಂದ ಕೂಡಲೇ ಮುಂದಿನ ಸಾಲಿನ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಸೋತದ್ದಕ್ಕಿಂತ ಆ ಸೆರಗುಗಳೇ ಅವನನ್ನು ಹೆಚ್ಚು ಸುಟ್ಟಿದ್ದವು. ಈ ಸಲ ಮತ್ತೆ ನಿಂತಿದ್ದ. ಭಾಷಣವನ್ನು ರೆಕಾರ್ಡ್ ಮಾಡಿಸಿ, ರಿಪೇರಿ ಮಾಡಿಸಿ, ಆಟೋದಲ್ಲಿ ಮೊಳಗಿಸುವುದೆಂದು ತೀರ್ಮಾನ. ಹೆಂಡತಿ ಮುನಿಲಕ್ಷ್ಮಿ ಕರೆಯದಿದ್ದರೂ ಜೊತೆಗೆ ಬಂದಿದ್ದಳು.

ಕದಿರೇಶ್: ಕಂಪ್ರೆಸರ್ ಹಾಕ್ಲಾ ಅಣ್ಣಾ?

ಕಾಂತರಾಜ್: ಇದೇನು ಪಂಚರ್ ಅಂಗಡೀನಾ?

ಮುನಿಲಕ್ಷ್ಮಿ: ಹಾಕಪ್ಪಾ. ಗಾಳಿ ಕಮ್ಮಿ ಅಂತ ತಾನೇ ಇವರು ಇಲ್ಲಿಗೆ ಬಂದಿರೋದು.

ಕದಿರೇಶ್: ಗಾಳಿ ಅಲ್ಲ ಅಕ್ಕಾ. ಜೋರಾಗಿರೋ ಮಾತು, ಮೆತ್ತಗಿರೋ ಮಾತು ಎರಡನ್ನೂ ಒಂದು ಮಟ್ಟಕ್ಕೆ ತರುತ್ತೆ.

ಮುನಿಲಕ್ಷ್ಮಿ: ಹಂಗಾದ್ರೆ ಮನೆಗೂ ಒಂದು ಕೊಡು. ನನ್ನ ಹತ್ರ ಜೋರು, ಇವರಕ್ಕನ ಹತ್ರ ಮೆತ್ತಗೆ.

ಕಾಂತರಾಜ್: ನೀನು ಸುಮ್ನಿರೇ. ಕದಿರೇಶಾ, ಎಕೋ ಹಾಕು.

ಕದಿರೇಶ್ ಹಾಕಿದ. "ಹಾಲಿಗೆ ಬೋನಸ್ ಕೊಡಿಸ್ತೀನಿ… ಸ್ತೀನಿ… ಸ್ತೀನಿ…" ಎಂದಿತು ಸ್ಪೀಕರು.

ಮುನಿಲಕ್ಷ್ಮಿ: ಒಂದ್ಸಲ ಹೇಳಿದ್ದನ್ನೇ ಮಾಡಲ್ಲ. ಯಾಕಪ್ಪಾ ಅಷ್ಟೊಂದು ಸಲ ಹೇಳಿಸ್ತೀಯ?

ಕದಿರೇಶ್: ದೊಡ್ಡ ಹಾಲ್‌ದು ಅಕ್ಕಾ ಇದು.

ಕಾಂತರಾಜ್: ಯಾವ ಹಾಲು? ಎಮ್ಮೇದೋ, ಹಸೂದೋ?

ಕದಿರೇಶ್: ಕುಡಿಯೋ ಹಾಲಲ್ಲ ಅಣ್ಣಾ. ಕಲ್ಯಾಣ ಮಂಟಪದ ಹಾಲ್. ಅದರೊಳಗೆ ನಿಂತು ಮಾತಾಡಿದಂಗೆ ಕೇಳುತ್ತೆ.

ಕಾಂತರಾಜ್: ಹಂಗಾದ್ರೆ ಇರೋದ್ರಲ್ಲಿ ದೊಡ್ಡದು ಹಾಕು. ಸಾವಿರ ಜನ ಕೂತಿರ್ಬೇಕು.

ಕದಿರೇಶ್: ಜನ ತುಂಬಿದ್ರೆ ಎಕೋ ಬರಲ್ಲ ಅಣ್ಣಾ. ಖಾಲಿ ಹಾಲ್‌ಗೆ ಮಾತ್ರ ಬರೋದು.

ಮುನಿಲಕ್ಷ್ಮಿ: ಎಕೋನೇ ಇರಲಿ ಬಿಡು. ಇವರಿಗೆ ಹೊಂದುತ್ತೆ.

ಕದಿರೇಶ್ ನಗು ನುಂಗಿ ಮುಂದಿನ ಕೆಲಸಕ್ಕೆ ಕೈ ಹಾಕಿದ. ಭಾಷಣದ ಹಿಂದೆ ಲಾರಿ ಸದ್ದು ಸೇರಿಕೊಂಡಿತ್ತು.

ಕದಿರೇಶ್: ಗಲಾಟೆ ಯಾವುದು ಅಂತ ಒಂಚೂರು ಗುರುತು ಮಾಡಿ ತೋರಿಸಿದ್ರೆ ಸಾಕು, ಅಂಥದ್ದನ್ನೆಲ್ಲ ಕಂಪ್ಯೂಟರೇ ಅಳಿಸುತ್ತೆ.

ಕಾಂತರಾಜ್: ಕೊಡಿಲ್ಲಿ, ನಾನೇ ತೋರಿಸ್ತೀನಿ.

ಮೌಸ್ ಕಸಿದುಕೊಂಡು ಪರದೆಯ ಮೇಲೆ ಸದ್ದಿನ ಗೆರೆ ಎದ್ದುಬಿದ್ದಿದ್ದ ಕಡೆ ಎಳೆದ. ಈಗ ಸ್ಪೀಕರಿನಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತ ಸ್ವಚ್ಛವಾಗಿ ಹಾದುಹೋಯಿತು. ಭಾಷಣ ನಾಪತ್ತೆ.

ಕಾಂತರಾಜ್: ಲಾರಿ ಉಳ್ಕೊಂಡು ನಾನ್ಯಾಕೋ ಹೋದೆ?

ಕದಿರೇಶ್: ನೀವು ಗಲಾಟೆ ಅಂತ ತೋರಿಸಿದ್ದು ನಿಮ್ಮ ಭಾಷಣಾನೇ ಅಣ್ಣಾ.

ಮುನಿಲಕ್ಷ್ಮಿ: ಮಿಷನ್‌ಗೆ ಬುದ್ಧಿ ಇದೆ.

ಅಂತೂ ಕದಿರೇಶ್ ಅದನ್ನೆಲ್ಲ ಸರಿಮಾಡಿ, ದನಿಯನ್ನು ಇನ್ನಷ್ಟು ದಪ್ಪ ಮಾಡಿ ಕೇಳಿಸಿದ. ಬಾವಿಯ ತಳದಲ್ಲಿ ಸಿಂಹ ಕೂತು ಮಾತಾಡಿದಂತಿತ್ತು. ಕಾಂತರಾಜನ ಕಣ್ಣಂಚು ಒದ್ದೆಯಾಯಿತು. ದೇವರು ತನಗೆ ಕೊಡಬೇಕಾಗಿದ್ದ ದನಿ ಇದೇ, ಎಲ್ಲೋ ಕೈತಪ್ಪಿ ಇನ್ಯಾರಿಗೋ ಕೊಟ್ಟುಬಿಟ್ಟ ಅನ್ನಿಸಿತು.

ಮರುದಿನ ಆಟೋ ಹೊರಟಿತು. ಯಾರೂ ನಗಲಿಲ್ಲ. ಟೀ ಅಂಗಡಿಯಲ್ಲಿ ಗ್ಲಾಸು ಹಿಡಿದವರು ಹಾಗೇ ನಿಂತು ಕೇಳಿದರು. ಧೈರ್ಯ ಬಂದು ಕಾಂತರಾಜ್ ಹೆಂಡತಿಯೊಂದಿಗೆ ಪಕ್ಕದ ಹಳ್ಳಿಗೆ ಓಟು ಕೇಳಲು ಹೋದ. ಮೊದಲ ಮನೆ ಮುನಿಯಲ್ಲಮ್ಮನದು. ಮುದುಕಿ ಹಸುವಿಗೆ ಮೇವು ಹಾಕುತ್ತಿದ್ದಳು.

ಕಾಂತರಾಜ್: ನಮಸ್ಕಾರ ಅಮ್ಮಾ. ಸೊಸೈಟಿಗೆ ನಿಂತಿರೋ ಕಾಂತರಾಜ್ ನಾನು.

ಮುನಿಯಲ್ಲಮ್ಮ: ಅಬದ್ಧ ಹೇಳ್ಬೇಡ ನಾಯನಾ. ಕಾಂತರಾಜಪ್ಪನ ದನಿ ಬೆಳಗ್ಗೆಯಿಂದ ಕೇಳ್ತಾ ಇದೀನಿ. ನನ್ನ ಹಸು ಕೂಡ ಮೇವು ಬಿಟ್ಟು ಕಿವಿ ನಿಗುರಿಸ್ಕೊಂಡು ನಿಂತಿತ್ತು. ನನ್ನ ಓಟು ಅವರಿಗೇ. ಅವರ ಹೆಸರು ಹೇಳ್ಕೊಂಡು ತಿರುಗೋರಿಗಲ್ಲ.

ಕಾಂತರಾಜ್: ಅಮ್ಮಾ, ನಾನೇ…

ಮುನಿಲಕ್ಷ್ಮಿ ಗಂಡನ ತೋಳು ಚಿವುಟಿದಳು.

ಮುನಿಲಕ್ಷ್ಮಿ (ಮೆಲ್ಲಗೆ): ಓಟು ಬೇಕೋ, ಹೆಸರು ಬೇಕೋ?

ಕಾಂತರಾಜ್ ಕೈ ಮುಗಿದ.

ಕಾಂತರಾಜ್: ತಪ್ಪಾಯ್ತಮ್ಮಾ. ನಾನು ಅವರ ಕಡೆಯೋನು. ಅವರು… ತುಂಬ ಒಳ್ಳೆಯವರು.

ಮುನಿಯಲ್ಲಮ್ಮ: ಹಂಗೆ ನಿಜ ಹೇಳು. ಒಂದ್ಸಲ ಕರ್ಕೊಂಡು ಬಾ, ನೋಡ್ಬೇಕು ಅವರನ್ನ.

ಕಾಂತರಾಜ್: ಗೆದ್ದ ಮೇಲೆ ಬರ್ತಾರಮ್ಮಾ.

ಮುನಿಯಲ್ಲಮ್ಮ: ಹಂಗಾದ್ರೆ ನೋಡಿದಂಗೇ ಬಿಡು.