ಮಗ್ಗದ ಗಲ್ಲಿಯ ಅರವತ್ತರ ಶಾಂತಿ

ಸೊಲ್ಲಾಪುರದಲ್ಲಿ ಈಗ ಯಾರೂ ಅಕಾಲದಲ್ಲಿ ಸಾಯುವುದಿಲ್ಲ. ಈ ಕೀರ್ತಿ ಆಯುಷ್ಯ ಸಮತೋಲ ಕಚೇರಿಗೆ ಸಲ್ಲಬೇಕು.

ಮೊದಲು ಹೀಗಿರಲಿಲ್ಲ. ನವಿ ಪೇಠದ ಬಟ್ಟೆ ವ್ಯಾಪಾರಿಗಳು ಮೊಮ್ಮಕ್ಕಳ ಮದುವೆಯೂಟ ಉಂಡು, ಎಂಬತ್ತು ದಾಟಿ ಸಾಯುತ್ತಿದ್ದರು. ಆ ಬಟ್ಟೆ ನೇಯುವ ಮಗ್ಗದ ಗಲ್ಲಿಯವರು ಹತ್ತಿಯ ಧೂಳು ನುಂಗಿ, ಗಟಾರ ಬೆರೆತ ನೀರು ಕುಡಿದು ನಲವತ್ತಕ್ಕೇ ಹೊರಡುತ್ತಿದ್ದರು. ಗಲ್ಲಿಯ ದವಾಖಾನೆಗೆ ಡಾಕ್ಟರ್ ಬೇಕೆಂದು ಅಂಜನಾಬಾಯಿ ಕಚೇರಿಯ ಮೆಟ್ಟಿಲು ಹತ್ತಿದಳು. ಅವಳ ಗಂಡ ಭಗವಂತನಿಗೆ ಆಗ ನಲವತ್ತು. ಅವನು ಕೆಮ್ಮಿದರೆ ಮಗ್ಗದ ಸದ್ದೂ ಕೇಳುತ್ತಿರಲಿಲ್ಲ.

“ಡಾಕ್ಟರ್ ಯಾಕಬೇ?” ಎಂದರು ಕಚೇರಿಯ ಮುಖ್ಯಸ್ಥ ಸಿದ್ದರಾಮಪ್ಪ ಸಾಹೇಬರು. “ನವಿ ಪೇಠದಾಗ ಎಂಬತ್ತಂದ್ರ ಮುಪ್ಪು. ನಿಮ್ಮ ಗಲ್ಲ್ಯಾಗ ನಲವತ್ತಂದ್ರ ಮುಪ್ಪು. ನಿನ್ನ ಗಂಡಗ ರೋಗ ಇಲ್ಲ, ವಯಸ್ಸಾಗ್ಯದ.”

“ಸಾಹೇಬ್ರ, ಇನ್ನಾ ತಲಿಗೂದಲಾ ಕರ್ರಗ ಅದಾವ್ರಿ!”

“ಅದು ಅವರ ಮನಿತನದ ಗುಣ ಇರಬೇಕು.”

“ಹಂಗಾರ ಅವ್ರನ್ನ ನವಿ ಪೇಠಕ್ಕ ಕರಕೊಂಡ ಹೋಗ್ತೀನ್ರಿ. ಅಲ್ಲಿ ನಲವತ್ತಂದ್ರ ಹರೇದಾಂವ ಅಲ್ರಿ?”

“ಹೌದು. ಆದ್ರ ಅಲ್ಲಿ ನಿಮ್ಮ ಮನಿ ಇರಬೇಕಲ್ಲ?”

ಹಾಗೆಂದು ಕಚೇರಿ ಕೈಕಟ್ಟಿ ಕೂರಲಿಲ್ಲ. ವಾರದೊಳಗೆ ಪ್ರಕಟಣೆ ಹೊರಟಿತು: “ಮಗ್ಗದ ಗಲ್ಲಿಯ ನಿವಾಸಿಗಳು ಅರವತ್ತರ ಶಾಂತಿಯನ್ನು ನಲವತ್ತಕ್ಕೇ ಮಾಡಿಕೊಳ್ಳತಕ್ಕದ್ದು. ತದನಂತರದ ಕೆಮ್ಮನ್ನು ವೃದ್ಧಾಪ್ಯ ಸಹಜವೆಂದು ಪರಿಗಣಿಸಲಾಗುವುದು. ಸಮಾರಂಭಕ್ಕೆ ದವಾಖಾನೆಯ ಕೋಣೆ ಖಾಲಿ ಇದೆ.”

ಮೊದಲ ಶಾಂತಿ ಭಗವಂತನದೇ. ಕುರನೂರಿನಿಂದ ಅಣ್ಣ ಅಣ್ಣಾರಾಯ ಬಂದ. ಅವನಿಗೆ ಐವತ್ತೆರಡು, ಆದರೆ ಹಳ್ಳಿಗೆ ನಿಯಮ ಅನ್ವಯಿಸದ ಕಾರಣ ಇನ್ನೂ ಮುಪ್ಪು ಬಂದಿರಲಿಲ್ಲ. ಹಿರಿಯರಿಗೆ ನಮಸ್ಕರಿಸಬೇಕೆಂದು ಸಾಹೇಬರು ಸೂಚಿಸಿದ್ದರಿಂದ ಅವನು ತಮ್ಮನ ಕಾಲಿಗೆ ಬಿದ್ದ.

“ಆಶೀರ್ವಾದ ಮಾಡಪಾ ತಮ್ಮಾ. ನಿನ್ನ ಹೆಗಲ ಮ್ಯಾಲ ಹೊತ್ತ ತಿರಿಗಿದಾಂವ ನಾನು. ಇವತ್ತ ನೀನ ದೊಡ್ಡಾಂವ ಆದಿ.”

ಭಗವಂತ ಬಾಯಿ ತೆರೆದ. ಕೆಮ್ಮು ಬಂತು. ಅದನ್ನೇ ಆಶೀರ್ವಾದವೆಂದು ಸ್ವೀಕರಿಸಲಾಯಿತು.

ಮರುವರ್ಷ ಭಗವಂತ ತೀರಿಕೊಂಡ. ತುಂಬು ಬಾಳು ಬಾಳಿದವರನ್ನು ಬಾಜಾ ಬಾರಿಸಿ ಕಳಿಸುವುದು ಪದ್ಧತಿಯಾದ್ದರಿಂದ ಕಚೇರಿ ಬಾಜಾ ಕಳಿಸಿತು. ಅಂಜನಾಬಾಯಿ ಅಳಲು ಬಾಯಿ ತೆರೆದಾಗ ಪಕ್ಕದ ಮನೆಯ ಉಮಾಬಾಯಿ ತಡೆದಳು.

“ಅಳಬಾರದವಾ. ಒಂದ ವರ್ಷ ಹೆಚ್ಚಿಗೀನ ಬದುಕ್ಯಾನ, ಪುಣ್ಯವಂತ!”

ಅಕ್ಕಲಕೋಟೆಯಿಂದ ಬಂದ ಅಧಿಕಾರಿಗಳು ಮೆರವಣಿಗೆ ನೋಡಿ, ತಮ್ಮೂರಿಗೂ ಈ ಯೋಜನೆ ಬೇಕೆಂದರು.

ತಂದೆಯ ಮಗ್ಗಕ್ಕೆ ಮಗ ವಿಕಾಸ ಕೂತ. ಅವನಿಗೆ ಹದಿನೆಂಟು, ಗಲ್ಲಿಯ ಲೆಕ್ಕದಲ್ಲಿ ನಡುವಯಸ್ಸು. ಮಳೆಗಾಲ ಮುಗಿಯುವಷ್ಟರಲ್ಲಿ ಅವನೂ ಕೆಮ್ಮಿದ.

ಅಂಜನಾಬಾಯಿ ಮತ್ತೆ ಕಚೇರಿಯ ಮೆಟ್ಟಿಲು ಹತ್ತಿದಳು. ಈ ಸಲ ಡಾಕ್ಟರನ್ನು ಕೇಳಲಿಲ್ಲ.

“ಮಗನ ಶಾಂತಿಗಿ ಆ ದವಾಖಾನಿ ಕೋಣಿ ಹಿಡದಿಡ್ರಿ ಸಾಹೇಬ್ರ.”

“ಅದಕ್ಕ ಇನ್ನಾ ಭಾಳ ವರ್ಷ ಅದಾವಲ್ಲಬೇ?”

“ಇರ್ಲಿರಿ. ನಮ್ಮ ಗಲ್ಲ್ಯಾಗ ವರ್ಷ ಲಗೂ ಓಡಿ ಹೋಗ್ತಾವ.”

ಸಾಹೇಬರಿಗೆ ಅವಳ ಮುಂದಾಲೋಚನೆ ಮೆಚ್ಚಿಗೆಯಾಯಿತು. ಹಾರಕ್ಕೆ ಯಾವ ಹೂವು ಇರಲಿ ಎಂದು ಕೇಳಿದರು.