ನಾಲ್ಕು ಗಂಟೆಯ ರೆಪ್ಪೆ

ಗುಮಾಸ್ತರ ತಾಪತ್ರಯಕ್ಕೆಲ್ಲ ಮೂಲ ಅವರ ಎಡಗಣ್ಣಿನ ರೆಪ್ಪೆ. ಬೆಳಿಗ್ಗೆ ಲಕ್ಷಣವಾಗಿ ತೆರೆದುಕೊಂಡಿರುತ್ತಿತ್ತು; ಸಂಜೆ ನಾಲ್ಕಾಯಿತೆಂದರೆ ಅಂಗಡಿಯ ಶಟರಿನ ಹಾಗೆ ಇಳಿಯುತ್ತಿತ್ತು. ಅದರ ಹಿಂದೆಯೇ ತೋಳು ಸೋಲುತ್ತಿತ್ತು, ಕಾಲು ಸೋಲುತ್ತಿತ್ತು, ಕೊನೆಗೆ ದನಿಯೂ ಹೋಗುತ್ತಿತ್ತು. ಅವರ ಮೇಜು ಇದ್ದದ್ದು ಹಾಲಿನ ಡೇರಿಯ ಮೂರನೇ ಮಹಡಿಯಲ್ಲಿ. ಲಿಫ್ಟ್ ಇರಲಿಲ್ಲ.

“ಬೆಳಿಗ್ಗೆ ಗುಂಡುಕಲ್ಲಿನ ಹಾಗಿರ್ತೀರಿ, ಸಂಜೆ ಕಾಯಿಲೆ ಅಂತೀರಿ. ನಾಟಕ ಕಣ್ರೀ ಇದು!” ಎಂದಿದ್ದರು ಮ್ಯಾನೇಜರ್. “ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ, ಕೆಳಗಡೆ ಕೂರಿಸ್ತೀನಿ. ಇಲ್ಲಾಂದ್ರೆ ಸುಮ್ನೆ ಮೆಟ್ಲು ಹತ್ತಿ.”

ನರರೋಗದ ಡಾಕ್ಟರಮ್ಮನ ಭೇಟಿ ಸಿಕ್ಕಿದ್ದು ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ರೆಪ್ಪೆ ಸೆಟೆದು ನಿಂತಿರುತ್ತದೆ. ಹಾಗಾಗಿ ರೆಪ್ಪೆ ದಣಿಸಿಕೊಂಡೇ ಹೋಗಬೇಕೆಂದು ಗುಮಾಸ್ತರು ತೀರ್ಮಾನಿಸಿ, ಏಳು ಗಂಟೆಗೇ ಮನೆ ಮುಂದೆ ನಿಂತು ಆಕಾಶ ದಿಟ್ಟಿಸತೊಡಗಿದರು. ದನಿಯೂ ಸೋಲಲೆಂದು ಗಟ್ಟಿಯಾಗಿ ಒಂದು, ಎರಡು ಎಣಿಸಿದರು.

ಮೊದಲು ಪೇಪರಿನವನು ಸೈಕಲ್ ನಿಲ್ಲಿಸಿ ಮೇಲೆ ನೋಡಿದ. ಅವನನ್ನು ಕಂಡು ಇನ್ನಿಬ್ಬರು ನಿಂತರು. ಗುಮಾಸ್ತರು ಮುನ್ನೂರು ಮುಟ್ಟುವಷ್ಟರಲ್ಲಿ ಬೀದಿಗೆ ಬೀದಿಯೇ ಕತ್ತೆತ್ತಿತ್ತು.

“ಮುನ್ನೂರು ವಿಮಾನವಾ?” ಎಂದು ಎದುರುಮನೆ ದೊಡ್ಡಮ್ಮ ಗಾಬರಿಯಾದರು. “ನಂಗೊಂದೂ ಕಾಣಿಸ್ತಿಲ್ವಲ್ಲೋ!”

“ಏನ್ರೀ, ಇಳೀತಾ?” ಎಂದು ಹೆಂಡತಿ ಬಾಗಿಲಿಂದ ಕೂಗಿದಳು.

“ಅಯ್ಯೋ, ಇಳೀತಾನೂ ಇದಾವಾ!” ಎಂದು ಇಬ್ಬರು ಒಳಗೋಡಿದರು.

ರೆಪ್ಪೆ ಇಳಿದಿತ್ತು. ದನಿಯಂತೂ ಪೂರ್ತಿ ನಿಂತಿತ್ತು. ಗುಮಾಸ್ತರಿಗೆ ಮದುವೆಯ ದಿನವೂ ಇಷ್ಟು ಸಂತೋಷವಾಗಿರಲಿಲ್ಲ.

ಹೆಂಡತಿಗೆ ಶಾಲೆಯಲ್ಲಿ ಪಾಠವಿತ್ತು. ಆದ್ದರಿಂದ ಆಸ್ಪತ್ರೆಗೆ ಜೊತೆಯಾಗಿ ಹೊರಟವರು ದೊಡ್ಡಮ್ಮ. ಅವರು ಗುಮಾಸ್ತರನ್ನು ಒಂದು ಹೆಜ್ಜೆಯೂ ನಡೆಯಗೊಡದೆ ಆಟೋ ಹತ್ತಿಸಿದರು, ಬೆಂಚಿನ ಮೇಲೆ ಒರಗಿಸಿದರು. ಆಮೇಲೆ ಮುಖವನ್ನೇ ನೋಡುತ್ತಾ ಕೂತರು.

“ಕಣ್ಣು ಹೀಗಿಟ್ಕೊಂಡು ಆ ಹೆಣ್ಮಗಳ ಮುಂದೆ ಹೋಗ್ತೀಯಾ? ಕಣ್ಣು ಹೊಡೀತಿದ್ದಾನೆ ಅಂದ್ಕೊಂಡಾರು!”

ಬೇಡವೆನ್ನುವಷ್ಟರಲ್ಲಿ ಎದುರಿನ ಜ್ಯೂಸ್ ಅಂಗಡಿಯಿಂದ ಐಸ್ ಬಂತು. ಟವೆಲ್‌ನಲ್ಲಿ ಸುತ್ತಿ ಕಣ್ಣಿಗೆ ಒತ್ತಿಯೇಬಿಟ್ಟರು. ಗುಮಾಸ್ತರ ಬಾಯಿಂದ ಹೊರಟದ್ದು “ಊಂ... ಊಂ...” ಮಾತ್ರ.

“ಹಾಯಾಗಿದೆ ಅಲ್ವಾ?” ಎಂದರು ದೊಡ್ಡಮ್ಮ.

ಎರಡು ನಿಮಿಷಕ್ಕೆ ರೆಪ್ಪೆ ಮೇಲೆದ್ದಿತು. ಬೆಳಗಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತೆಂದು ಗುಮಾಸ್ತರಿಗೆ ಅಳುವೇ ಬಂತು. ಆದರೆ ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು.

“ಯಾರಮ್ಮ ನೀವು, ನರ್ಸಾ? ನಾನು ಮಾಡಬೇಕಾಗಿದ್ದ ಪರೀಕ್ಷೇನ ನೀವೇ ಮಾಡಿಬಿಟ್ರಲ್ಲ! ಈ ಕಾಯಿಲೇಲಿ ಇಳಿದ ರೆಪ್ಪೆ ತಂಪಿಗೆ ಏಳುತ್ತೆ.”

ಒಳಗೆ ಗುಮಾಸ್ತರ ಕೈಗಳನ್ನು ಮುಂದಕ್ಕೆ ಚಾಚಿಸಿ ಗಡಿಯಾರ ಹಿಡಿದರು. ಒಂದು ನಿಮಿಷಕ್ಕೆ ಎರಡೂ ಕೈ ಸೋತು ಕೆಳಗೆ ಬಿದ್ದವು. “ಮಯಸ್ತೇನಿಯಾ ಗ್ರೇವಿಸ್ಸೇ ಇರಬೇಕು, ದುಡಿದಷ್ಟೂ ಸ್ನಾಯು ಸೋಲೋ ಕಾಯಿಲೆ. ರಕ್ತ ಪರೀಕ್ಷೆ ಮಾಡಿಸೋಣ. ಇದಕ್ಕೆ ಔಷಧಿ ಇದೆ, ಹೆದರಬೇಡಿ,” ಎಂದು ಪತ್ರ ಬರೆದುಕೊಟ್ಟರು. ದೊಡ್ಡಮ್ಮ ಹೊರಗೆ ಕೂತಿದ್ದವರಿಗೆಲ್ಲ ತಾವೇ ರೋಗ ಕಂಡುಹಿಡಿದದ್ದೆಂದು ಹೇಳುತ್ತಿದ್ದರು.

ಮೂರು ಮಹಡಿಯನ್ನು ಕೊನೆಯ ಸಲ ಹತ್ತುತ್ತಿದ್ದೇನೆಂಬ ಹುರುಪಿನಲ್ಲಿ ಗುಮಾಸ್ತರು ಮೆಟ್ಟಿಲೇರಿ ಮ್ಯಾನೇಜರ ಮುಂದೆ ನಿಂತಾಗ ರೆಪ್ಪೆ ಮತ್ತೆ ಇಳಿದಿತ್ತು, ದನಿ ಮತ್ತೆ ಹೋಗಿತ್ತು. ಮ್ಯಾನೇಜರ್ ಪತ್ರವನ್ನು ಎರಡು ಸಲ ಓದಿದರು. ‘ಮೆಟ್ಟಿಲು ಹತ್ತಿಸಬಾರದು. ಐಸ್ ಇಟ್ಟಾಗ ರೆಪ್ಪೆ ಚೇತರಿಸಿಕೊಂಡಿದೆ.’ ಎದ್ದು ಬಂದು ಗುಮಾಸ್ತರ ಕೈ ಹಿಡಿದುಕೊಂಡರು.

“ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸಿ. ಇವತ್ತಿಂದಾನೇ ನೀವು ಕೆಳಗೆ. ಡಾಕ್ಟರು ಬರೆದಿರೋದರಲ್ಲಿ ಒಂದಕ್ಷರಾನೂ ತಪ್ಪಿಸಲ್ಲ.”

ವಾಚ್‌ಮನ್ ಕುರ್ಚಿ ಹೊತ್ತು ಮೆಟ್ಟಿಲಿಳಿದು ಮುಂದೆ ನಡೆದ. ಗುಮಾಸ್ತರು ವರ್ಷಗಳಿಂದ ಕಣ್ಣಿಟ್ಟಿದ್ದ ಕಿಟಕಿ ಪಕ್ಕದ ಜಾಗ ಬಂತು. ವಾಚ್‌ಮನ್ ಅದನ್ನು ದಾಟಿ ಹೋದ. ಮೂಲೆಯಲ್ಲಿದ್ದ ದಪ್ಪ ಕಬ್ಬಿಣದ ಬಾಗಿಲು ತೆರೆದು, ಬೆಣ್ಣೆ ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿದ. ಒಳಗಿಂದ ಹೊಗೆಯ ಹಾಗೆ ತಣ್ಣನೆ ಹಬೆ ನುಗ್ಗಿತು.

“ಕೂತ್ಕೊಳ್ಳಿ ಸಾರ್. ದಿನಾ ಎಂಟು ಗಂಟೆ ಇಲ್ಲೇ ಇರಬೇಕಂತೆ. ಉಣ್ಣೆ ಟೋಪಿ ಕೊಡಿಸ್ತಾರಂತೆ.”

“ಊಂ... ಊಂ...” ಎಂದರು ಗುಮಾಸ್ತರು.

“ಹಾಯಾಗಿದೆ ಅಲ್ವಾ?” ವಾಚ್‌ಮನ್ ಬಗ್ಗಿ ಅವರ ಮುಖ ನೋಡಿದ. “ನೋಡಿ ಸಾರ್, ಕಣ್ಣು ಆಗ್ಲೇ ಬಿಡ್ತು!” ಎಂದು ಖುಷಿಯಿಂದ ಬಾಗಿಲೆಳೆದುಕೊಂಡ.